ಎಲ್ಲದಕ್ಕೂ ಕೂಗುವ ಯಂತ್ರ

ಕರ್ರ್... ಕರ್ರ್... ಕರ್ರ್.

ದೋಣಿಯ ಹೊಟ್ಟೆಯ ಕೆಳಗಿನಿಂದ ಆ ಸದ್ದು ಬರುತ್ತಿರುವಷ್ಟು ಹೊತ್ತು ಮಂಜುಗಡ್ಡೆ ಸಾಗಿಸುವ ದೋಣಿಯವನು ನಿಶ್ಚಿಂತೆಯಾಗಿ ಚಹಾ ಕುಡಿಯುತ್ತಿದ್ದ. ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನು ಮುಳುಗಕ್ಕ ಕೆರೆಯುತ್ತಿರುವ ಸದ್ದು ಅದು. ಹಲಗೆಯ ಮೇಲೆ ಬರಿಗಾಲೂರಿ ಕೂತರೆ ಅಂಗಾಲಿಗೇ ಗೊತ್ತಾಗುತ್ತಿತ್ತು: ಈಗ ಮೂತಿಯ ಹತ್ತಿರ ಇದ್ದಾಳೆ, ಈಗ ನಡುವಿಗೆ ಬಂದಳು, ಇನ್ನು ಚುಕ್ಕಾಣಿಯ ಬುಡ. ಇವತ್ತು ಸದ್ದು ನಡುವಿನ ತನಕ ಬಂದು ನಿಂತಿತು. ಎರಡು ಗುಟುಕು ಕುಡಿಯುವಷ್ಟು ಹೊತ್ತು ಕಾದ. ಮತ್ತೆ ಶುರುವಾಗಲಿಲ್ಲ. ದೋಣಿಯ ಪಕ್ಕದಲ್ಲಿ ಗುಳ್ಳೆಗಳೆದ್ದು, ಕಪ್ಪು ರಬ್ಬರಿನ ಟೊಪ್ಪಿಯ ತಲೆಯೊಂದು ಮೇಲೆ ಬಂತು.

"ಏನಕ್ಕಾ, ಮುಗೀತಾ?"

"ಅರ್ಧ ಆಯ್ತು."

"ಇನ್ನರ್ಧ?"

"ಆಮೇಲೆ."

"ಅರ್ಧ ತಲೆ ಬೋಳಿಸಿ ಎದ್ದು ಹೋಗೋ ಕ್ಷೌರಿಕನ್ನ ನಾನಂತೂ ಕಂಡಿರ್ಲಿಲ್ಲ. ಈ ದೋಣಿ ಈಗ ಯಾರಿಗೆ ಮುಖ ತೋರಿಸ್ಬೇಕು?"

ಬೇರೆ ದಿನವಾಗಿದ್ದರೆ ಅವಳು ಅದಕ್ಕೊಂದು ಮರುಮಾತು ಎಸೆಯದೆ ಬಿಡುತ್ತಿರಲಿಲ್ಲ. ಇವತ್ತು ಸಿಲಿಂಡರನ್ನು ಕಟ್ಟೆಯ ಮೇಲಿಟ್ಟು, ತೇಲದಂತೆ ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿ ಬಿಚ್ಚಿ ಅದರ ಪಕ್ಕಕ್ಕೆ ಹಾಕಿ, ಒದ್ದೆ ಉಡುಪಿನಲ್ಲೇ ಹೊರಟುಬಿಟ್ಟಳು. ಮೂವತ್ತು ವರ್ಷದಲ್ಲಿ ಒಂದು ದೋಣಿಯನ್ನೂ ಅವಳು ಅರ್ಧಕ್ಕೆ ಬಿಟ್ಟದ್ದಿಲ್ಲ. ಆದರೆ ಅವಳ ಕಾಲಿಗೆ ಚಕ್ರ ಕಟ್ಟಿದ ಹಾಗಾಗಿ ಮೂರು ದಿನವಾಗಿತ್ತು. ಕೂತಲ್ಲಿ ಕೂರಲಾರಳು, ಮುಳುಗಿದಲ್ಲಿ ಮುಳುಗಿರಲಾರಳು.

ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, ಎಲ್ಲರಿಗೂ ಅವಳು ಮುಳುಗಕ್ಕ. ಚಿಕ್ಕಪ್ಪ ದೋಣಿಯ ತಳ ಕೆರೆಯುವವನು. ಅವನ ಹಿಂದೆ ಹದಿನೇಳನೆಯ ವಯಸ್ಸಿಗೆ ನೀರಿಗಿಳಿದವಳು, ನಲವತ್ತೆಂಟಾದರೂ ಮೇಲೆ ಬಂದಿಲ್ಲ ಎಂದು ಜನ ನಗುತ್ತಿದ್ದರು. ತಳ ಕೆರೆಯುವುದು ಅವಳ ಅನ್ನ. ಕಳೆದದ್ದನ್ನು ಹುಡುಕಿಕೊಡುವುದು ಅವಳ ಹೆಸರು. ಬೀಗದ ಕೈ, ಕನ್ನಡಕ, ಒಮ್ಮೆ ಒಬ್ಬ ಅಜ್ಜನ ಪೂರ್ತಿ ಹಲ್ಲುಸೆಟ್ಟು, ಏನು ಬಿದ್ದರೂ ಅವಳಿಗೇ ಕರೆ. ಬಂದರಿನ ನೀರು ಯಾವಾಗಲೂ ಕದಡಿದ್ದೇ. ಮುಖದೆದುರು ಹಿಡಿದ ಸ್ವಂತ ಕೈ ಕಾಣುವುದಿಲ್ಲ. ಚಿಕ್ಕಪ್ಪ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಬೋಗುಣಿಯ ತುಂಬ ಕೆಸರು ಹಾಕಿ, ಅದರಲ್ಲಿ ಅಂಗಿಯ ಗುಂಡಿಗಳನ್ನು ಹುದುಗಿಸಿಟ್ಟು ಹುಡುಕಿಸುತ್ತಿದ್ದ. "ನೀರಲ್ಲಿ ಕಣ್ಣು ನೆಂಟರಿದ್ದ ಹಾಗೆ. ಕೈಯೇ ಮನೆಯವರು," ಎನ್ನುತ್ತಿದ್ದ.

ಅವಳ ಹುಡುಕಾಟಕ್ಕೆ ಒಂದು ಕ್ರಮವಿತ್ತು. ಕೆಸರಿಗೆ ಕಬ್ಬಿಣದ ಗೂಟ ಚುಚ್ಚುವಳು, ಗೂಟಕ್ಕೆ ಗಂಟು ಹಾಕಿದ ಹಗ್ಗ. ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಮಲಗಿ, ಎಡಗೈಯಲ್ಲಿ ಹಗ್ಗದ ಗಂಟು ಹಿಡಿದು, ಬಲಗೈ ಬೆರಳುಗಳಿಂದ ಕೆಸರನ್ನು ಸೋಸುತ್ತ ಒಂದು ಸುತ್ತು ಬರುವಳು. ಆಮೇಲೆ ಮುಂದಿನ ಗಂಟು, ಮುಂದಿನ ಸುತ್ತು. ನಲವತ್ತು ಗಂಟು ಮುಗಿದು ಮೇಲೆ ಬಂದು ಅವಳು "ಇಲ್ಲ" ಎಂದರೆ, ಆ ವಸ್ತು ಅಲ್ಲಿ ಇಲ್ಲ. ಅದರ ಮೇಲೆ ಅಪೀಲು ಇರಲಿಲ್ಲ. ನ್ಯಾಯಾಲಯದಲ್ಲಿ ಹೇಳಿದ್ದು ತಪ್ಪಾದೀತು, ಮುಳುಗಕ್ಕ ಹೇಳಿದ್ದು ತಪ್ಪಾಗದು ಎಂದು ಬಂದರಿನವರು ಬೇರೆ ಊರಿನವರ ಎದುರು ಜಂಭ ಕೊಚ್ಚಿಕೊಳ್ಳುತ್ತಿದ್ದರು. ಆ ಜಂಭ ಅವಳಿಗೂ ಹಿಡಿಸಿತ್ತು.

ಎರಡು ತಿಂಗಳ ಹಿಂದೆ ದೊಡ್ಡ ಮಿಸ್ಸಿನ ಉಂಗುರ ಕಳೆಯಿತು.

ದೊಡ್ಡ ಮಿಸ್ ಎಂದರೆ ಬಂದರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಮಂಡಿನೋವಿಗೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ಕಲ್ಲುಮೆಟ್ಟಿಲಿಳಿದು, ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಿಲ್ಲುವರು. ಕೈ ಹಿಡಿದು ಇಳಿಸಿ ಹತ್ತಿಸಲು ಒಬ್ಬಳು ಹೋಂ ನರ್ಸ್ ಇದ್ದಳು. ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಹೆಂಗಸು. ಒಂದು ದಿನ ಮನೆಗೆ ಹೋಗಿ ನೋಡಿದರೆ ಬೆರಳು ಬರಿದಾಗಿತ್ತು. ತೀರಿಕೊಂಡ ಗಂಡ ತೊಡಿಸಿದ ಉಂಗುರ. "ತಣ್ಣೀರಿಗೆ ಬೆರಳು ಸೊರಗಿರತ್ತೆ, ನಾನು ಕೈ ಹಿಡಿದು ಎತ್ತುವಾಗ ಜಾರಿರಬೇಕು," ಎಂದಳು ನರ್ಸು. ಮುಳುಗಕ್ಕನಿಗೆ ಕರೆ ಹೋಯಿತು. ಎರಡು ದಿನ, ನಲವತ್ತು ಗಂಟು. ಮೇಲೆ ಬಂದು, "ಇಲ್ಲ," ಎಂದಳು.

ನೀರಿನಲ್ಲಿ ಇಲ್ಲ ಎಂದಮೇಲೆ ಮತ್ತೆಲ್ಲಿ? ಆ ಬೆರಳನ್ನು ಕೊನೆಯಲ್ಲಿ ಹಿಡಿದಿದ್ದ ಕೈ ಯಾವುದು? ಮಿಸ್ ಕಿರುಚಲಿಲ್ಲ, ಪೊಲೀಸರನ್ನು ಕರೆಸಲಿಲ್ಲ. ನರ್ಸನ್ನು ಅಂದೇ ಕೆಲಸದಿಂದ ಬಿಡಿಸಿದರು, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು: "ಮುಳುಗಕ್ಕ ಇಲ್ಲ ಅಂದಿದ್ದಾಳೆ." ಆ ಒಂದು ಮಾತಿಗೆ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಈಗ ನರ್ಸು ಮಂಜುಗಡ್ಡೆ ಕಾರ್ಖಾನೆಯ ಹಿಂಬದಿಯಲ್ಲಿ ಮೀನು ಆರಿಸುವ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ಅವಳಿಗೆ 'ಉಂಗುರ' ಎಂದು ಹೆಸರು ಬಿದ್ದಿತ್ತು. "ಏ ಉಂಗುರಾ, ಆ ಬುಟ್ಟಿ ಈಕಡೆ ತಳ್ಳು." ಬಂದರಿನಲ್ಲಿ ಹೆಸರು ಬೀಳುವುದು ಸುಲಭ, ಕಳಚುವುದು ಹೆಣದ ಜತೆಗೇ.

ಅವಳು ಒಂದೇ ಸಲ ಮುಳುಗಕ್ಕನ ಹತ್ತಿರ ಬಂದಿದ್ದಳು. ಅಳಲಿಲ್ಲ, ಜಗಳವಾಡಲಿಲ್ಲ.

"ಅಕ್ಕಾ, ಚೆನ್ನಾಗಿ ನೋಡಿದ್ರಾ?"

"ನಾನು ನೋಡೋದೇ ಚೆನ್ನಾಗಿ," ಎಂದಿದ್ದಳು ಮುಳುಗಕ್ಕ.

ನರ್ಸು ತಲೆಯಾಡಿಸಿ ಹೋಗಿದ್ದಳು. ಆಗ ಆ ಮಾತು ಮುಳುಗಕ್ಕನ ಕಿವಿಯ ಹೊರಗೇ ಉಳಿದಿತ್ತು. ಒಳಗೆ ಇಳಿದದ್ದು ಮೂರು ದಿನದ ಹಿಂದೆ, ಗಂಡನ ಹೊಲಿಗೆ ಕೊಟ್ಟಿಗೆಯಲ್ಲಿ.

ಗಂಡ ಟಾರ್ಪಾಲು, ಹಾಯಿ ಹೊಲಿಯುವವನು. ಮಧ್ಯಾಹ್ನ ಅವನೆದುರು ಕೂತು, ದಪ್ಪ ಸೂಜಿಗಳನ್ನು ಒರೆಸಿ ಡಬ್ಬಿಗೆ ಜೋಡಿಸುತ್ತ ಮಾತಾಡುತ್ತಿದ್ದಳು. ಅವನು ಒಮ್ಮೆಲೇ ಹೊಲಿಗೆ ನಿಲ್ಲಿಸಿದ.

"ಏನೇ ಅದು!"

"ಯಾವುದು?"

"ಬೆರಳು ನೋಡ್ಕೊಳ್ಳೇ."

ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿಕೊಂಡು ನೆಟ್ಟಗೆ ನಿಂತಿತ್ತು. ಅಂಗೈಗೆ ರಕ್ತ ಇಳಿದಿತ್ತು. ಅವಳಿಗೆ ನೋವಿರಲಿಲ್ಲ, ಸೂಜಿ ಇರುವುದೇ ತಿಳಿದಿರಲಿಲ್ಲ. ಗಂಡ ಸೂಜಿ ಕಿತ್ತು, ಬಟ್ಟೆ ಸುತ್ತಿ, ಎದ್ದುಹೋಗಿ ಒಂದು ಹಳೆಯ ಡಬ್ಬಿ ತಂದ. ಗುಂಡಿ, ನಟ್ಟು, ಕೊಕ್ಕೆ ಎಲ್ಲ ಕಲಸಿ ತುಂಬಿದ ಡಬ್ಬಿ. "ಕಣ್ಣು ಮುಚ್ಕೊ. ಒಂದೊಂದೇ ಎತ್ತಿ ಏನು ಅಂತ ಹೇಳು."

"ಗುಂಡಿ," ಎಂದಳು. "ಗುಂಡಿ." "ಇದೂ ಗುಂಡಿ."

ಕಣ್ಣು ತೆರೆದಾಗ ಅವಳ ಎದುರು ಒಂದು ಗುಂಡಿ, ಒಂದು ನಟ್ಟು, ಒಂದು ಬಾಟಲಿ ಮುಚ್ಚಳ ಇದ್ದವು. ಕಡೆಗಾಲದಲ್ಲಿ ಚಿಕ್ಕಪ್ಪನ ಕೈಯಿಂದ ಚಹಾದ ಲೋಟಗಳು ಜಾರುತ್ತಿದ್ದದ್ದು ಅವಳಿಗೆ ನೆನಪಾಯಿತು. ವಯಸ್ಸಾಯಿತು ಎಂದುಕೊಂಡಿದ್ದರು ಎಲ್ಲರೂ. ತಣ್ಣೀರಿನಲ್ಲಿ ಹತ್ತಾರು ವರ್ಷ ಉಳಿ ಹಿಡಿದು ಕೆರೆದ ಕೈಗಳು ಹೀಗೆ ಸದ್ದಿಲ್ಲದೆ ಸಾಯುತ್ತವೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಯಾವಾಗಿನಿಂದ? ವಾರದಿಂದಲೋ, ವರ್ಷದಿಂದಲೋ? ಕಲ್ಲುಮೆಟ್ಟಿಲ ಕೆಳಗೆ ಆ ಎರಡು ದಿನ ಅವಳ ಬೆರಳಿನ ಸಂದಿಯಿಂದ ಜಾರಿಹೋದ ಕಲ್ಲುಗಳಲ್ಲಿ ಒಂದು, ಕಲ್ಲಲ್ಲ, ಉಂಗುರವಾಗಿರಲಿಲ್ಲವೇ?

ಸೋಮವಾರ ಹೂಳೆತ್ತುವ ಯಂತ್ರ ಬರುವುದಿತ್ತು. ಮೆಟ್ಟಿಲ ಬುಡದ ಕೆಸರನ್ನೆಲ್ಲ ಹೀರಿ ಕಡಲಿನ ನಡುವೆ ಚೆಲ್ಲುವರು. ಇವತ್ತು ಗುರುವಾರ.

ಮುಳುಗುವವರ ಸಾಮಾನಿನ ಅಂಗಡಿಯವನನ್ನು ಎಲ್ಲರೂ ಕ್ಯಾಟಲಾಗ್ ಎನ್ನುತ್ತಿದ್ದರು. ಕೇಳದೆಯೇ ಪುಟ ತಿರುಗಿಸುವವನು. ರಜೆಯಲ್ಲಿ ಬಂದು ಮುಳುಗಿದ ಹಡಗಿನ ನಾಣ್ಯದ ಕನಸು ಕಾಣುವವರಿಗೆ ಲೋಹ ಹುಡುಕುವ ಯಂತ್ರ ಮಾರುವುದು ಅವನ ಹೊಸ ವ್ಯಾಪಾರ. ಒದ್ದೆ ಉಡುಪಿನಲ್ಲಿ ನೆಲದ ಮೇಲೆ ನೀರಿಳಿಸುತ್ತ ನಿಂತು ಯಂತ್ರ ಬೇಕೆಂದ ಮುಳುಗಕ್ಕನನ್ನು ನೋಡಿ ಅವನ ಕಣ್ಣು ಅರಳಿತು.

"ಅಕ್ಕಾ! ನೀವು? ಯಂತ್ರ? ಮೀನು ಈಜು ಕಲಿಯೋಕೆ ಬಂದ ಹಾಗಾಯ್ತಲ್ಲ! ನಿಜ ಹೇಳಿ, ನಿಧಿ ಎಲ್ಲಿದೆ?"

"ನಿಧಿನೂ ಇಲ್ಲ, ನಿನ್ನ ತಲೆನೂ ಇಲ್ಲ. ನೀರೊಳಗೆ ಕೆಲ್ಸ ಮಾಡೋ ಯಂತ್ರ ತೋರ್ಸು."

"ಹೇಳ್ಬೇಡಿ ಬಿಡಿ. ನಿಧಿ ಸಿಕ್ಕೋರು ಯಾರೂ ಮೊದಲೇ ಹೇಳಲ್ಲ."

ಹಿತ್ತಿಲಿನ ತೊಟ್ಟಿಗೆ ಕರೆದೊಯ್ದ. ತಳದಲ್ಲಿ ಮರಳು ಹಾಸಿ, ಅದರಲ್ಲಿ ಮೊಳೆ, ನಾಣ್ಯ ಹೂತಿಟ್ಟಿದ್ದ. ನೀಲಿ ಬಣ್ಣದ ಅಗ್ಗದ ಯಂತ್ರವನ್ನು ನೀರಿಗಿಳಿಸಿದ. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ. ನಾಣ್ಯದ ಮೇಲೆ ಹಾಯಿಸಿದರೆ ಹಕ್ಕಿಯ ಹಾಗೆ ಕೀಂ ಎಂದಿತು.

"ಇದು ಯಾವ ನೀರು?" ಎಂದಳು.

"ನಲ್ಲಿ ನೀರು. ಯಾಕೆ?"

"ನಾನು ನಲ್ಲಿ ನೀರಲ್ಲಿ ಮುಳುಗೋಳಲ್ಲ." ಎರಡು ಬಕೀಟು ಎತ್ತಿಕೊಂಡು ತಾನೇ ಹೋಗಿ ಕಡಲ ನೀರು ತಂದಳು. ಮತ್ತೆರಡು. ಇನ್ನೆರಡು. ಕೂತು ಕಾಯುವುದಕ್ಕಿಂತ ಹೊರುವುದೇ ಅವಳಿಗೆ ಹಿತವಾಗಿತ್ತು. ಉಪ್ಪು ನೀರಿಗೆ ಇಳಿಸಿದ್ದೇ ತಡ ನೀಲಿ ಯಂತ್ರ ಜ್ವರ ಬಂದವರ ಹಾಗೆ ಬಡಬಡಿಸತೊಡಗಿತು. ನಾಣ್ಯಕ್ಕೂ ಕೀಂ, ಬರಿಯ ಮರಳಿಗೂ ಕೀಂ.

"ಉಪ್ಪು ಅದಕ್ಕೆ ಆಗ್ಬರಲ್ಲ," ಎಂದು ಕ್ಯಾಟಲಾಗ್ ತಲೆ ಕೆರೆದುಕೊಂಡ. "ಅಕ್ಕಾ, ನಿಮ್ಮ ಅಂತಸ್ತಿಗೆ ತಕ್ಕದ್ದು ಇದು." ಹಳದಿ ಯಂತ್ರ ತೆಗೆದ. ಹಿಡಿಕೆಯ ಮೇಲೆ ಪುಟ್ಟ ಪರದೆ, ಗುಂಡಿಗಳು. "ಉಪ್ಪು ನೀರಿಗೆ ಅಂಜಲ್ಲ. ಸಿಕ್ಕಿದ್ದು ಏನು ಅಂತ ನಂಬರ್ ತೋರ್ಸತ್ತೆ. ಕಿವಿಗೆ ಏನೂ ಹಾಕ್ಕೋಬೇಕಾಗಿಲ್ಲ, ಹಿಡಿಕೆನೇ ನಡುಗತ್ತೆ. ಹಿಡ್ಕೊಳ್ಳಿ. ಕಣ್ಣು ಮುಚ್ಚಿ. ನಾನು ಮೊಳೆ ತೋರಿಸ್ತೀನಿ, ನಡುಗಿದಾಗ ಹೇಳಿ."

ಅವಳು ಬಲಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಕೈಯಲ್ಲಿ ಏನೂ ಇರಲಿಲ್ಲ. ಒಂದು ಭಾರ, ಅಷ್ಟೆ. ತೊಟ್ಟಿಯಲ್ಲಿ ನೀರು ಅಲುಗಿದ ಸದ್ದಾಯಿತು.

"ಹೂಂ, ನಡುಗ್ತು," ಎಂದಳು.

"ನಾನಿನ್ನೂ ಮೊಳೆ ಎತ್ಕೊಂಡೇ ಇಲ್ಲ ಅಕ್ಕಾ."

ಕಣ್ಣು ತೆರೆದಳು. ಅವನು ನಗುತ್ತಿದ್ದ, ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದ.

"ನಿನ್ನ ಪರೀಕ್ಷೆ ಮಾಡ್ದೆ," ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ತಾನೂ ಸೇರಿದೆನಲ್ಲ ಎನಿಸಿತು. ಯಂತ್ರವನ್ನು ಎಡಗೈಗೆ ಬದಲಾಯಿಸಿದಳು. ಅಲ್ಲಿ ತುಸು ಜೀವವಿತ್ತು. "ಈ ಗುಂಡಿಗಳು ಯಾತಕ್ಕೆ?"

ಕ್ಯಾಟಲಾಗಿಗೆ ಪುಟ ಸಿಕ್ಕಿತು. "ಅದೇ ಇದರ ಜಾಣತನ! ನೀರೊಳಗೆ ಕಸ ಎಷ್ಟಿರತ್ತೆ ನಿಮಗೇ ಗೊತ್ತು. ಮೊಳೆ, ತಂಪು ಪಾನೀಯದ ಡಬ್ಬಿ ತೆರೆದಾಗ ಕಿತ್ತು ಬರೋ ಆ ತಗಡಿನ ಕಿವಿ, ಎಲ್ಲದಕ್ಕೂ ಕೂಗ್ತಾ ಹೋದ್ರೆ ಮನುಷ್ಯ ಹುಚ್ಚಾಗ್ತಾನೆ. ಈ ಗುಂಡಿ ಒತ್ತಿ. ಈಗ ಕಸ ಬಂದ್ರೆ ಸುಮ್ಮನಿರತ್ತೆ. ನೋಡಿ." ತಗಡಿನ ಕಿವಿಯನ್ನು ಸುರುಳಿಯ ಕೆಳಗೆ ಆಡಿಸಿದ. ಯಂತ್ರ ಸುಮ್ಮನಿತ್ತು. ಮೊಳೆ ಹಿಡಿದ. ಸುಮ್ಮನಿತ್ತು.

ಮುಳುಗಕ್ಕ ತನ್ನ ಬೆರಳಿನ ತೆಳ್ಳಗಿನ ಉಂಗುರ ಕಳಚಿ ನೀರಿಗೆ ಹಾಕಿದಳು. ಅದು ಮರಳಿನ ಮೇಲೆ ಹೊಳೆಯುತ್ತ ಬಿದ್ದಿತ್ತು, ಇಬ್ಬರಿಗೂ ಕಾಣುವ ಹಾಗೆ. ಸುರುಳಿಯನ್ನು ಅದರ ಮೇಲೆ ಹಾಯಿಸಿದಳು.

ಯಂತ್ರ ಸುಮ್ಮನಿತ್ತು.

ಮತ್ತೆ ಹಾಯಿಸಿದಳು. ಹಿಡಿಕೆ ಅಲುಗಲಿಲ್ಲ, ಪರದೆಯಲ್ಲಿ ಏನೂ ಇರಲಿಲ್ಲ.

"ಅದು... ಸಣ್ಣ ಚಿನ್ನದ ಉಂಗುರ, ತಗಡಿನ ಕಿವಿ, ಎರಡಕ್ಕೂ ಒಂದೇ ನಂಬರ್ ಬರತ್ತೆ ಅಕ್ಕಾ," ಎಂದ ಕ್ಯಾಟಲಾಗ್, ದನಿ ತಗ್ಗಿಸಿ. "ಕಸ ಬೇಡ ಅಂತ ಮುಚ್ಚಿದ್ರೆ ಅದರ ಜತೆ ಇದೂ ಮುಚ್ಚಿಹೋಗತ್ತೆ. ಎಲ್ಲ ತೆರೆದಿಟ್ಕೊಂಡೂ ಹುಡುಕಬಹುದು ಅನ್ನಿ, ಆದ್ರೆ ಅದಕ್ಕೆ ಇಷ್ಟು ದುಬಾರಿದು ಯಾಕೆ..."

ಅವನು ಹೇಳುತ್ತಲೇ ಇದ್ದ. ಅವಳು ತೊಟ್ಟಿಯ ಅಂಚು ಹಿಡಿದು ಬಗ್ಗಿ ನಿಂತಿದ್ದಳು. ಕಣ್ಣೆದುರು ಚಿನ್ನ ಬಿದ್ದಿದೆ. ಮೇಲೆ ನಿಂತ ಜಾಣ ಯಂತ್ರ ಇಲ್ಲ ಎನ್ನುತ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬುದು ಗಾದೆ. ಅವಳಿಗೆ ಬೇಕಾಗಿತ್ತು, ಇದೋ, ತೊಟ್ಟಿಯ ತುಂಬ ಸಿಕ್ಕಿತ್ತು.

"ಬೇರೆ ಯಾವುದಿದೆ?" ಎಂದಳು, ತನ್ನ ಉಂಗುರ ಎತ್ತಿಕೊಳ್ಳುತ್ತ.

"ಇನ್ನೊಂದಿದೆ. ಅದನ್ನ ಯಾರೂ ತಗೊಳ್ಳಲ್ಲ." ಮೂಲೆಯಿಂದ ಧೂಳು ಹಿಡಿದ ಕಪ್ಪು ಯಂತ್ರ ತಂದ. ಪರದೆಯಿಲ್ಲ, ನಂಬರಿಲ್ಲ; ಕೋಲಿಗೆ ಒಂದು ಸುರುಳಿ, ಕಿವಿಗೆ ಹಾಕುವ ಹೆಡ್‌ಫೋನಿನ ಎರಡು ದಪ್ಪ ಗುಬಟು. "ಉಪ್ಪಿಗೆ ಇದು ಕ್ಯಾರೇ ಅನ್ನಲ್ಲ. ಆಳಕ್ಕೂ ಮುಟ್ಟತ್ತೆ. ಆದ್ರೆ ಬುದ್ಧಿ ಅಂದ್ರೆ ಸೊನ್ನೆ. ಮೊಳೆಗೂ ಅದೇ ಕೂಗು, ಚಿನ್ನಕ್ಕೂ ಅದೇ ಕೂಗು. ಬಿಡಿಸಿ ಹೇಳಕ್ಕೆ ಬರಲ್ಲ. ನಮ್ಮ ಬಂದರಲ್ಲಿ ಇದನ್ನ ಇಳಿಸಿದ್ರೆ ಅಕ್ಕಾ, ನೂರು ವರ್ಷದ ಮೊಳೆ ಎಲ್ಲ ಒಟ್ಟಿಗೆ ಎದ್ದು ಕಿರುಚತ್ತೆ."

"ಕಿರುಚಲಿ."

"ಒಂದೊಂದನ್ನೂ ಅಗೆದು ನೋಡ್ಬೇಕಾಗತ್ತೆ."

"ನೋಡ್ತೀನಿ. ಇಲ್ಲ ಅಂತ ತಾನೇ ತೀರ್ಮಾನ ಮಾಡೋ ಯಂತ್ರ ನಂಗೆ ಬೇಡ. ಇದನ್ನ ಕೊಡು."

ಕ್ಯಾಟಲಾಗ್ ಯಂತ್ರದ ಧೂಳು ಒರೆಸಿದ. "ಸೋಮವಾರದ ತನಕ ಇಟ್ಕೊಳ್ಳಿ. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ," ಎಂದ. ನಿಧಿಯ ಮಾತು ಮತ್ತೆ ಎತ್ತಲಿಲ್ಲ. ಆದರೆ ಅಷ್ಟರಲ್ಲಿ ಅಂಗಡಿಯ ಮುಂದೆ ಹಾದುಹೋದವರು ಎತ್ತಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಕಲ್ಲುಮೆಟ್ಟಿಲ ಮೇಲೆ ಅರ್ಧ ಬಂದರು ನೆರೆದಿತ್ತು. "ಅಕ್ಕಾ, ಕೊಪ್ಪರಿಗೆ ಸಿಕ್ಕಿದ್ರೆ ಮೇಲೆತ್ತೋಕೆ ಕರೀರಿ," ಎಂದನೊಬ್ಬ. "ಕೊಪ್ಪರಿಗೆ ಕಾಯೋ ಹಾವಿಗೆ ಈಜು ಬರತ್ತಾ?" ಎಂದ ಇನ್ನೊಬ್ಬ. ಅವಳು ಗುಬಟುಗಳನ್ನು ಕಿವಿಗೆ ಒತ್ತಿ ಮುಳುಗಿದಳು.

ಮೆಟ್ಟಿಲುಗಳು ನೀರೊಳಗೆ ಮುಗಿಯುವಲ್ಲಿ, ಎರಡಾಳು ಆಳದಲ್ಲಿ ಗೂಟ ಚುಚ್ಚಿ, ಮೊದಲ ಗಂಟು ಹಿಡಿದು, ಎಂದಿನಂತೆ ಹೊಟ್ಟೆಯೂರಿ ಮಲಗಿ, ಸುರುಳಿಯನ್ನು ಮೈಗೆ ಹತ್ತಿರ ಹಿಡಿದಳು. ಕೂಡಲೇ ಕಿವಿ ತುಂಬಿ ಕೂಗು. ಬಿಟ್ಟು ಬಿಟ್ಟು ಅಲ್ಲ, ಎಡೆಬಿಡದೆ, ಹಸಿದ ಮಗುವಿನ ಹಾಗೆ. ಹೊಟ್ಟೆಯ ಕೆಳಗೆ ಕೆಸರು ತೋಡಿದಳು. ಕೂಗು ನಿಲ್ಲಲಿಲ್ಲ. ಪಕ್ಕಕ್ಕೆ ಸರಿದಳು, ಕೂಗೂ ಸರಿಯಿತು. ಮೊಣಕೈ ಮುಳುಗುವಷ್ಟು ಗುಂಡಿ ತೋಡಿದಳು. ಅರ್ಧ ಸಿಲಿಂಡರು ಗಾಳಿ ಖರ್ಚಾಗಿ, ಬೆವರು ಒಳಗೇ ಹರಿದ ಮೇಲೆ, ಸುರುಳಿ ತನ್ನ ಸೊಂಟದ ಸೀಸದ ಪಟ್ಟಿಯನ್ನು ಕಂಡು ಕೂಗುತ್ತಿದೆ ಎಂದು ಹೊಳೆಯಿತು. ಮೂವತ್ತು ವರ್ಷದಿಂದ ಹುಡುಕುವ ಕೈಯನ್ನು ಮೈಗೆ ಹತ್ತಿರ ಇಟ್ಟುಕೊಂಡೇ ರೂಢಿ. ಬೇರೆ ಯಾರಾದರೂ ಆಗಿದ್ದರೆ ಕೋಲನ್ನು ದೂರ ಚಾಚಿ ಹಿಡಿಯುತ್ತಿದ್ದರು. ತನ್ನದೇ ಸೊಂಟದಲ್ಲಿ ನಿಧಿ ಅಗೆದ ಹೆಂಗಸು! ನಗು ಬಂದು ಬಾಯಿಯ ನಳಿಕೆಯ ಸಂದಿಯಲ್ಲಿ ಉಪ್ಪು ನೀರು ನುಗ್ಗಿತು. ಕೆಮ್ಮುತ್ತ ಮೇಲೆ ಬಂದಳು.

"ಏನಾಯ್ತಕ್ಕಾ?"

"ಹಾವು ಕಚ್ತು," ಎಂದಳು. ಮೆಟ್ಟಿಲೆಲ್ಲ ನಕ್ಕಿತು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಆಮೇಲೆ ತೋಳು ಚಾಚಿ, ಹೊಟ್ಟೆ ಎತ್ತಿ, ಗಂಟಿನಿಂದ ಗಂಟಿಗೆ ಸರಿದಳು. ಕೂಗಿದಲ್ಲೆಲ್ಲ ಕೆಸರು ಬಾಚಿ ಜಾಲರಿ ಚೀಲಕ್ಕೆ ತುಂಬಿ, ಮೇಲೆ ತಂದು, ಬೆಳಕಿನಲ್ಲಿ ತೊಳೆದು ನೋಡುವಳು. ಬೆರಳಿಗೆ ನಂಬಿಕೆಯಿಲ್ಲವಾದ್ದರಿಂದ ಕಣ್ಣಿಗೇ ಕೆಲಸ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ತುಕ್ಕಿನ ರಾಶಿ ಬಿದ್ದಿತ್ತು. ದೋಣಿಯ ಮೊಳೆಗಳು, ಒಂದು ಚಮಚ, ಕೊಡೆಯ ಕಡ್ಡಿ, ಯಾರದೋ ಸೈಕಲ್ಲಿನ ಗಂಟೆ, ಲೆಕ್ಕವಿಲ್ಲದಷ್ಟು ತಗಡಿನ ಕಿವಿಗಳು. ಪ್ರತಿ ಸಲ ಕೂಗು ಕೇಳಿದಾಗಲೂ ಇದೇ ಎನಿಸುವುದು, ಪ್ರತಿ ಸಲ ಮೊಳೆ. ಇಪ್ಪತ್ತೆಂಟು ಗಂಟು ಮುಗಿದಿದ್ದವು. ಉಳಿದ ಹನ್ನೆರಡೇ ಎಲ್ಲಕ್ಕಿಂತ ದೊಡ್ಡ ಸುತ್ತುಗಳು. ಈ ವೇಗದಲ್ಲಿ ವಾರ ಹಿಡಿಯುತ್ತಿತ್ತು.

ಸಂಜೆ ಕೊಟ್ಟಿಗೆಯಲ್ಲಿ ಗಂಡ ಅವಳ ಬಿರಿದ ಅಂಗೈಗೆ ಎಣ್ಣೆ ತಿಕ್ಕಿದ. ಅವಳು ಎದ್ದಳು, ಕೂತಳು, ಕಿಟಕಿಗೆ ಹೋಗಿ ಬಂದಳು.

"ಒಂದು ಕಡೆ ಕೂರೇ. ಎಣ್ಣೆ ನೆಲಕ್ಕೆ ಹೋಗ್ತಿದೆ."

"ನಾಳೆ ಒಂದೇ ದಿನ ಇರೋದು ರೀ."

"ಸಿಕ್ಕಿದ್ರೆ ಏನ್ ಮಾಡ್ತೀಯ?"

"ಸೀದಾ ಮಿಸ್ ಹತ್ರ ಹೋಗ್ತೀನಿ. ಇಗೋ ಉಂಗುರ, ನನ್ನದೇ ತಪ್ಪು, ಆ ಹುಡುಗಿ ತಗೊಂಡಿಲ್ಲ ಅಂತೀನಿ."

"ಸಿಗದಿದ್ರೆ?"

ಅವಳು ಮತ್ತೆ ಕಿಟಕಿಯ ಕಡೆ ಹೋದಳು.

"ಸಿಗದಿದ್ರೆ ಅವಳು ತಗೊಂಡಿದ್ದಾಳೆ ಅಂತಲಾ?"

"ನಾನ್ಯಾವಾಗ ಹಾಗಂದೆ!"

"ನೀನು ಅನ್ಲಿಲ್ಲ. ನಿನ್ನ ಬೆರಳು ಸತ್ತಿರೋದು ಉಂಗುರ ಸಿಕ್ಕಿದ ಮೇಲೇನಾ? ಮೊನ್ನೆ ಸೂಜಿ ಚುಚ್ಚಿದಾಗ ಸತ್ತಿರ್ಲಿಲ್ವಾ?" ಅವನು ಎಣ್ಣೆಯ ಬಟ್ಟಲು ಮುಚ್ಚಿದ. "ಮೂರು ದಿನದಿಂದ ಅಂಗಡಿ ಸುತ್ತಿದೆ, ಬಕೀಟು ಹೊತ್ತೆ, ಕೆಸರು ಬಗೆದೆ. ನಾಲ್ಕು ಹೆಜ್ಜೆ ನಡೆದು ನಾಲ್ಕು ಮಾತು ಹೇಳೋದು ಬಿಟ್ಟು ಎಲ್ಲ ಮಾಡ್ದೆ. ಯಾಕೇ?"

"ಹೇಳಿದ್ರೆ ನಾಳೆಯಿಂದ ನನ್ನ ಯಾರು ಕರೀತಾರೆ?" ಎಂದಳು. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆಚ್ಚಿದಳು. ಉಗುಳಲಾರದೆ ನುಂಗಲಾರದೆ ಬಾಯಲ್ಲಿಟ್ಟುಕೊಂಡಿದ್ದ ಬಿಸಿತುಪ್ಪ ಅದೇ. ಗಂಡ ಹೊಲಿಗೆಗೆ ಕೂತ. ದಾರ ಟಾರ್ಪಾಲಿನಲ್ಲಿ ಹಾಯುವ ಸದ್ದು ಕತ್ತಲಾಗುವವರೆಗೂ ನಡೆದಿತ್ತು.

ಭಾನುವಾರ ಅವಳು ಸೂರ್ಯನಿಗಿಂತ ಮೊದಲೇ ಮೆಟ್ಟಿಲಿಗೆ ಬಂದಳು. ಮೂರು ಸಲ ಮುಳುಗಿದಳು. ಮೂರು ಚೀಲ ತುಕ್ಕು. ನಾಲ್ಕನೆಯ ಸಲ ಸಿಲಿಂಡರು ಕಟ್ಟಿಕೊಳ್ಳುತ್ತಿದ್ದಾಗ ಈಜುವವರ ಗುಂಪು ಬಂತು. ಅವರ ಹಿಂದೆ ಊರುಗೋಲೂರುತ್ತ ದೊಡ್ಡ ಮಿಸ್, ಜತೆಗೆ ಹೊಸ ಹೋಂ ನರ್ಸ್. ಈ ಹೊಸಬಳು ಮಿಸ್ಸಿನ ಕೈ ಹಿಡಿದಿರಲಿಲ್ಲ. ಮಣಿಕಟ್ಟಿಗಿಂತ ಮೇಲೆ, ತೋಳಿಗೆ ಮಾತ್ರ ಆಸರೆ ಕೊಟ್ಟಿದ್ದಳು. ಎಲ್ಲರಿಗೂ ಕಾಣುವ ಹಾಗೆ, ಬೆರಳುಗಳಿಂದ ದೂರ. ಅವಳಿಗೂ ಯಾರೋ ಹೇಳಿಕೊಟ್ಟಿರಬೇಕು.

ಮುಳುಗಕ್ಕ ಕಟ್ಟುತ್ತಿದ್ದ ಪಟ್ಟಿಯನ್ನು ಬಿಚ್ಚಿದಳು.

"ಏನು, ನಿಧಿ ಸಿಕ್ತಂತಾ?" ಎಂದರು ಮಿಸ್, ತುಕ್ಕಿನ ರಾಶಿಯನ್ನು ಕೋಲಿನಿಂದ ತಟ್ಟಿ.

"ಮಿಸ್, ನಾನು ಹುಡುಕ್ತಿರೋದು ನಿಮ್ಮ ಉಂಗುರ."

"ನೀನೇ ಇಲ್ಲ ಅಂದಿದ್ಯಲ್ಲ?"

"ಅಂದಿದ್ದೆ." ಬಲಗೈ ಮುಂದೆ ಚಾಚಿದಳು. "ಈ ಬೆರಳುಗಳಿಗೆ ಏನೂ ಗೊತ್ತಾಗಲ್ಲ ಮಿಸ್. ಸೂಜಿ ಚುಚ್ಚಿದ್ರೂ ತಿಳಿಯಲ್ಲ. ಮೊಳೆ, ಗುಂಡಿ, ಉಂಗುರ, ಎಲ್ಲ ಒಂದೇ. ನಿಮ್ಮ ಉಂಗುರ ಕೈಗೆ ಸಿಕ್ಕಿದ್ರೂ ನಾನು ಕಲ್ಲು ಅಂತ ಬಿಟ್ಟಿರ್ತೀನಿ. ನನ್ನ ಇಲ್ಲ ಅನ್ನೋ ಮಾತಿಗೆ ಬೆಲೆ ಇಲ್ಲ."

ನೀರಿನಲ್ಲಿದ್ದವರು ಈಜುವುದನ್ನು ನಿಲ್ಲಿಸಿದರು. ಮಂಜುಗಡ್ಡೆ ದೋಣಿಯವನು ಹಗ್ಗ ಸುತ್ತುವುದನ್ನು ಬಿಟ್ಟು ನೋಡಿದ. ಯಾರೂ ತಮಾಷೆ ಮಾಡಲಿಲ್ಲ. ಮಿಸ್ ಅವಳ ಅಂಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ತೋರುಬೆರಳ ತುದಿಯನ್ನು ಉಗುರಿನಿಂದ ಒತ್ತಿದರು.

"ಗೊತ್ತಾಗತ್ತಾ?"

"ಇಲ್ಲ ಮಿಸ್."

ಮಿಸ್ಸಿನ ಮುಖದಲ್ಲಿ ಏನೋ ಕರಗಿತು, ಇನ್ನೇನೋ ಹೊತ್ತಿಕೊಂಡಿತು. "ಹಾಗಾದ್ರೆ ಉಂಗುರ ಇಲ್ಲೇ ಇರಬಹುದು!"

"ಇರಬಹುದು. ಅಲೆ ಎಳ್ಕೊಂಡು ಹೋಗಿರಲೂಬಹುದು. ಅದಲ್ಲ ಮಿಸ್, ಆ ಹುಡುಗಿ..."

"ಇರು, ಇರು. ನಾಳೆ ಹೂಳೆತ್ತೋ ಯಂತ್ರ ಬರತ್ತೆ ಅಲ್ವಾ? ಬಂದರು ಕಚೇರಿಯವನು ನನ್ನ ಹಳೇ ವಿದ್ಯಾರ್ಥಿ, ಒಂದು ಚೀಟಿ ಬರೆದು ಕಳಿಸ್ತೀನಿ, ಒಂದು ವಾರ ತಡೀತಾನೆ. ನೀನು ಈ ಯಂತ್ರದಲ್ಲಿ ಪೂರ್ತಿ ಹುಡುಕು."

"ಹುಡುಕ್ತೀನಿ. ಅದಕ್ಕೆ ಮೊದ್ಲು ಅವಳ ವಿಷ್ಯ ನಾಲ್ಕು ಜನಕ್ಕೆ ಹೇಳ್ಬೇಕಲ್ವಾ ಮಿಸ್."

"ಹೇಳೋಣ, ಸಿಕ್ಕಿದ ಮೇಲೆ ನಾನೇ ಕರೆಸಿ ಹೇಳ್ತೀನಿ."

"ಸಿಗದಿದ್ರೆ?"

"ಸಿಗದಿದ್ರೆ ಆಗ ಯೋಚನೆ ಮಾಡೋಣ. ಎಲ್ಲಾನೂ ಈಗಲೇ ಯಾಕೆ? ಈಗ ಕೇಳು, ಆ ದಿನ ನೀರು ಇಳಿತಾ ಇತ್ತು, ನಾನು ಎಡಗಡೆ ನಿಂತಿದ್ದೆ, ಅಂದಮೇಲೆ..."

ಮಂಜುಗಡ್ಡೆ ಕಾರ್ಖಾನೆಯಲ್ಲಿ ಎಂಟರ ಪಾಳಿಯ ಕೂಗು ಎದ್ದಿತು. ಬುಟ್ಟಿ ಹಿಡಿದ ಹೆಂಗಸರ ಸಾಲು ಆ ತುದಿಯ ಕಬ್ಬಿಣದ ಗೇಟಿನ ಕಡೆ ಸರಿಯುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಆ ಸಾಲಿನಲ್ಲೇ ಆ ಹುಡುಗಿಯೂ ಇರುತ್ತಿದ್ದಳು; ಗೇಟು ಮುಚ್ಚಿದರೆ ಮಧ್ಯಾಹ್ನದ ತನಕ ತೆರೆಯುವುದಿಲ್ಲ. ಮುಳುಗಕ್ಕ ಕುತ್ತಿಗೆಯ ಗುಬಟುಗಳನ್ನು ತೆಗೆದು, ಕಪ್ಪು ಯಂತ್ರದ ಜತೆ ಮೆಟ್ಟಿಲ ಮೇಲಿಟ್ಟಳು.

"ಎಡಗಡೆ ಮೂರನೇ ಮೆಟ್ಟಿಲ ಕೆಳಗೆ ಒಂದು ಕೊರಕಲು ಇದೆ," ಎನ್ನುತ್ತಿದ್ದರು ಮಿಸ್, ಕೋಲಿನಿಂದ ನೀರು ತೋರಿಸುತ್ತ, "ಮೊದಲು ಅಲ್ಲಿಂದ ಶುರು ಮಾಡು, ಆಮೇಲೆ ಆ ಕಂಬದ ಬುಡ... ಏನೇ, ಎಲ್ಲಿಗೆ ಹೊರಟೆ? ನಾನಿನ್ನೂ ಮಾತು ಮುಗಿಸಿಲ್ಲ, ಆ ಕಂಬದ..."

ಮುಳುಗಕ್ಕ ಬರಿಗಾಲಲ್ಲಿ, ಉಡುಪಿನಿಂದ ನೀರಿಳಿಸುತ್ತ, ಗೇಟಿನ ಕಡೆ ಬಿರಬಿರನೆ ನಡೆದುಹೋಗುತ್ತಿದ್ದಳು.